ಅಲ್ಪಾನುದಾನ ಗ್ರಂಥಾಲಯ ವಾಸ್ತು ಮೀಮಾಂಸೆ

ಈಗ, ಅನುದಾನ ಬಿಡುಗಡೆಯಾಗಿರುವುದರಿಂದ, ಸ್ಥಳದ ವಿಚಾರ. ಇದು ಮೊದಲ ಸೂತ್ರ.

ಭಾಷ್ಯ: 'ಈಗ' ಅಂದರೆ ಮಾರ್ಚ್ ತಿಂಗಳ ಮೂರನೆಯ ವಾರ. 31ನೇ ತಾರೀಖು ದಾಟಿದರೆ ಹಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದರಿಂದ ಈ ಶಾಸ್ತ್ರಕ್ಕೆ ಬೇರೆ ಮುಹೂರ್ತವಿಲ್ಲ. 'ಅನುದಾನ' ಅಂದರೆ ಗೋಡೆಗೆ ಬಣ್ಣ ಹೊಡೆಸಿದರೆ ಕುರ್ಚಿಗೆ ಸಾಲದ, ಕುರ್ಚಿ ತಂದರೆ ಬಣ್ಣಕ್ಕೆ ಸಾಲದ ಮೊತ್ತ. ಆಸ್ತಿ ತೆರಿಗೆಯ ಬೆನ್ನಿಗೆ ಶೇಕಡ 6ರಂತೆ ಗ್ರಂಥಾಲಯ ಕರ ಸೇರಿಸಿ ವಸೂಲು ಮಾಡುವ ಪದ್ಧತಿ ನಮ್ಮಲ್ಲುಂಟು; ಹಾಗೆ ವಸೂಲಾದದ್ದು ರ‍್ಯಾಕಿನ ರೂಪ ತಾಳುವವರೆಗಿನ ಪ್ರಯಾಣ ಪುರಾಣಕ್ಕೆ ಸೇರಿದ ವಸ್ತುವಾದ್ದರಿಂದ ಶಾಸ್ತ್ರಕಾರರು ಅದನ್ನು ಮುಟ್ಟುವುದಿಲ್ಲ.

ವಿಷಯದ ಗಡಿಯನ್ನೂ ಇಲ್ಲೇ ಹಾಕಿಬಿಡಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ರಾಜ್ಯ ಕೇಂದ್ರ ಗ್ರಂಥಾಲಯ ಅದರಲ್ಲಿದೆ. ಸುತ್ತ ಉದ್ಯಾನವಿರುವವರಿಗೆ ಶಾಸ್ತ್ರದ ಅಗತ್ಯ ಕಡಿಮೆ. ನಮ್ಮ ವಿಚಾರ ಪಂಚಾಯಿತಿ ಕಟ್ಟಡದ ಮಗ್ಗುಲಿನ ಆ ಒಂದು ಕೋಣೆಯದು: ಒಂದು ಪಕ್ಕ ಹಾಲಿನ ಡೇರಿ, ಇನ್ನೊಂದು ಪಕ್ಕ ಪಶು ಚಿಕಿತ್ಸಾಲಯ, ನಡುವೆ ಜ್ಞಾನ. ಇಂಥವು ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಆಮೇಲೆ ಅರಿವು ಕೇಂದ್ರಗಳಾದವು. ಎಷ್ಟೋ ಕಡೆ ಗೋಡೆಗೆ ಚಿತ್ರ ಬಂತು, ಕಂಪ್ಯೂಟರ್ ಬಂತು, ಮಕ್ಕಳೂ ಬಂದರು. ಇದನ್ನು ಒಪ್ಪದಿದ್ದರೆ ಪಾಪ ಬಂದೀತು. ಆದರೆ ಬೋರ್ಡು ಬದಲಾದ ರಾತ್ರಿ ಕೋಣೆ ಅಗಲವಾಯಿತೆಂಬ ವರದಿ ಎಲ್ಲಿಂದಲೂ ಬಂದಿಲ್ಲ.

ಇನ್ನು ಆಚಾರ್ಯ ವಂದನೆ. ಶಿಯಾಳಿಯ ರಾಮಾಮೃತ ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಹೀಗಾಗಿ ಗೊತ್ತಿರಲಿಲ್ಲ ಎನ್ನುವ ಅವಕಾಶ ಕನ್ನಡ ನಾಡಿಗೆ ಇಲ್ಲ. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಅವರ ಐದನೆಯ ಸೂತ್ರ. ಜೀವಿ ಬೆಳೆಯುತ್ತದೆ, ಕೋಣೆ ಬೆಳೆಯುವುದಿಲ್ಲ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡವರನ್ನು ಗ್ರಂಥಾಲಯ ಮೇಲ್ವಿಚಾರಕರು ಎನ್ನುತ್ತಾರೆ.

ಕ್ಷೇತ್ರಗಣಿತ ಪ್ರಕರಣ

ಪೂರ್ವಪಕ್ಷಿ ಹೇಳುತ್ತಾನೆ: ಪುಸ್ತಕಕ್ಕೆ ಜಾಗ ಸಾಲದು, ಆದ್ದರಿಂದ ಹೊಸ ಕಟ್ಟಡ ಬೇಕು. ಅವನ ಲೆಕ್ಕ ತಪ್ಪಿಲ್ಲ. ಕೋಣೆ ಹತ್ತಕ್ಕೆ ಹದಿನೈದು ಅಡಿ. ಮೇಜು, ಕುರ್ಚಿ, ಓಡಾಟ ಎಲ್ಲ ಸೇರಿ ಒಬ್ಬ ಓದುಗನಿಗೆ ಸುಮಾರು 25 ಚದರ ಅಡಿ ಬೇಕೆಂಬುದು ಗ್ರಂಥಾಲಯ ಯೋಜಕರ ಹಳೆಯ ಎಣಿಕೆ. 150ನ್ನು 25ರಿಂದ ಭಾಗಿಸಿದರೆ ಆರು ಜನ ಆರಾಮಾಗಿ ಕೂರಬಹುದು, ಒಳಗೆ ಒಂದೂ ಪುಸ್ತಕ ಇಲ್ಲದಿದ್ದರೆ. ಪುಸ್ತಕದ ಕಡೆಯಿಂದ ನೋಡೋಣ. ಮೂರಡಿ ಅಗಲದ, ಐದು ಹಲಗೆಯ ಸ್ಟೀಲ್ ರ‍್ಯಾಕಿನಲ್ಲಿ ಬೆರಳಾಡುವಷ್ಟು ಸಂದು ಬಿಟ್ಟು ಜೋಡಿಸಿದರೆ 180 ಪುಸ್ತಕ ಹಿಡಿಯುತ್ತದೆ ಎನ್ನಿ. ನಾಲ್ಕು ಸಾವಿರ ಪುಸ್ತಕಕ್ಕೆ 23 ರ‍್ಯಾಕು, ಅಂದರೆ 69 ಅಡಿ ಗೋಡೆ. ಕೋಣೆಯ ನಾಲ್ಕೂ ಗೋಡೆ ಕೂಡಿಸಿದರೆ 50 ಅಡಿ. ಬಾಗಿಲು, ಕಿಟಕಿ ಎರಡನ್ನೂ ಇಟ್ಟಿಗೆಯಿಂದ ಮುಚ್ಚಿದರೂ 19 ಅಡಿ ಕೊರತೆ, ಮೇಲಾಗಿ ಮೇಲ್ವಿಚಾರಕಿ ಒಳಗೇ ಉಳಿದುಬಿಡುವ ದೋಷ.

ಸಿದ್ಧಾಂತಿಯ ಉತ್ತರ: ಜಾಗ ಇದೆ. ಬಿಡಲಾಗದ ವಸ್ತುಗಳ ಅಡಿಯಲ್ಲಿದೆ. ಮುಂದಿನದೆಲ್ಲ ಈ ಮಾತಿನ ವಿಸ್ತಾರ.

ಬೀರು ಪ್ರಕರಣ

ಪ್ರತಿಯೊಂದು ಗ್ರಂಥಾಲಯದಲ್ಲೂ ಬೀಗ ಹಾಕಿದ ಬೀರುವೊಂದು ಇರತಕ್ಕದ್ದು. ಅದರ ಕೀಲಿಕೈ ಹಿಂದಿನವರ ಕಾಲದ್ದು. ಹಿಂದಿನವರು 'ನಾನು ಬಂದಾಗಲೂ ಹೀಗೇ ಇತ್ತು' ಎಂದು ಬರೆದುಕೊಟ್ಟು ಹೋಗಿದ್ದಾರೆ. ಒಳಗೇನಿದೆ? ಇಲ್ಲಿ ಪ್ರತ್ಯಕ್ಷ ಪ್ರಮಾಣಕ್ಕೆ ಆಸ್ಪದವಿಲ್ಲ, ಅನುಮಾನ ಪ್ರಮಾಣವೇ ಗತಿ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ರೀತಿಯಲ್ಲಿ, ಸಂದಿನಿಂದ ಬರುವ ನುಸಿಗುಳಿಗೆಯ ವಾಸನೆಯಿಂದ ಪುಸ್ತಕವಿದೆಯೆಂದು ಊಹಿಸಬೇಕು. ಬೀರುವಿನ ಕಾಲ ಬಳಿ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು ಒಳಹೊಕ್ಕಿದೆ ಎಂದರ್ಥ. ಆಗ ಪುಸ್ತಕವಿತ್ತು ಎಂದು ಭೂತಕಾಲದಲ್ಲಿ ಊಹಿಸಬೇಕು.

ಬೀರು ನಿಂತ ಜಾಗ ಮೂರಡಿಗೆ ಒಂದೂವರೆ ಅಡಿ. ಬಾಗಿಲು ತೆರೆಯಲು ಮುಂದೆ ಇನ್ನೂ ಒಂದೂವರೆ ಅಡಿ ಬೇಕು. ಬಾಗಿಲನ್ನು ಯಾರೂ ತೆರೆಯದ ಕಾರಣ ಆ ಮುಂದಿನ ಜಾಗ ವ್ಯರ್ಥವಾಗಬಾರದೆಂದು ಅಲ್ಲಿ ಬೆಂಚು ಹಾಕಿದರು. ಬೆಂಚು ಇರುವುದರಿಂದ ಬಾಗಿಲು ತೆರೆಯಲಾಗದು. ಕಾರ್ಯವೇ ಕಾರಣವನ್ನು ಹಡೆಯುವ ಇಂಥ ಪ್ರಸಂಗ ಯಾವ ದರ್ಶನದಲ್ಲೂ ಅಷ್ಟು ಸುಲಭವಾಗಿ ಸಿಗದು.

ಬೀರುವಿನ ಮೇಲ್ಗಡೆ ಎಂಟು ಜ್ಞಾನಪೀಠ ಪುರಸ್ಕೃತರ ಭಾವಚಿತ್ರಗಳು ಸಾಲಾಗಿವೆ, ಕುವೆಂಪು ಅವರಿಂದ ಕಂಬಾರರವರೆಗೆ. ಅವರ ಪುಸ್ತಕಗಳು ಬೆಲೆಬಾಳುವವು, ಕಳುವಾಗಬಾರದು. ಆದ್ದರಿಂದ ಬೀರುವಿನೊಳಗೆ ಭದ್ರವಾಗಿವೆ. ಪುಸ್ತಕ ಇರುವುದು ಬಳಕೆಗೆ ಎಂದು ರಂಗನಾಥನ್ ಮೊದಲ ಸೂತ್ರದಲ್ಲಿ ಹೇಳಿದ್ದಕ್ಕೆ ಇದು ವಿರೋಧವಲ್ಲವೇ ಎಂದರೆ, ವಿರೋಧವೇ. ಆದರೆ ರಂಗನಾಥನ್ನರ ಕೈಲಿ ಯಾರೂ ಕಳೆದ ಪುಸ್ತಕದ ದುಡ್ಡು ಕಟ್ಟಿಸಿಕೊಳ್ಳುವುದಿಲ್ಲ.

ಆಸನ ಪ್ರಕರಣ

ಗ್ರಂಥಾಲಯದ ಓದುಗರು ಎರಡು ಬಗೆ: ಪೇಪರಿನವರು, ಪರೀಕ್ಷೆಯವರು. ಪುಸ್ತಕದವರೂ ಇದ್ದಾರೆ. ಆದರೆ ಅವರು ಮನೆಗೆ ಒಯ್ಯುವುದರಿಂದ ಕ್ಷೇತ್ರಗಣಿತದ ದೃಷ್ಟಿಯಲ್ಲಿ ಸಜ್ಜನರು, ಅವರ ಮಾತು ಬೇಡ.

ಬಿಚ್ಚಿದ ಪೇಪರು ಎರಡೂವರೆ ಅಡಿ ಅಗಲ. ಅದನ್ನು ಹಿಡಿದ ಹಿರಿಯರ ಮೊಣಕೈಗಳು ಇನ್ನಷ್ಟು ದೂರ ಹೋಗುತ್ತವೆ. ಒಂದೇ ಪೇಪರು ಹಾಳೆ ಹಾಳೆಯಾಗಿ ಹಂಚಿಹೋಗಿ ನಾಲ್ವರನ್ನು ಸಲಹುತ್ತದೆ. ಮುಖಪುಟದವರು ಕ್ರೀಡಾಪುಟದವರಿಗಾಗಿ, ಇಬ್ಬರೂ ನಿಧನ ವಾರ್ತೆಯ ಪುಟ ಹಿಡಿದವರಿಗಾಗಿ ಕಾಯುತ್ತಾರೆ. ಕಾಯುವುದೂ ಕೂತೇ. ಗೋಡೆಗೆ ಇಳಿಜಾರು ಹಲಗೆ ಹೊಡೆಸಿ ನಿಂತು ಓದುವ ವ್ಯವಸ್ಥೆ ಮಾಡಿದರೆ ಅರ್ಧ ಜಾಗ ಉಳಿಯುತ್ತದೆಂದು ಗ್ರಂಥಗಳು ಹೇಳುತ್ತವೆ. ಗ್ರಂಥಗಳಿಗೆ ಮಂಡಿನೋವು ಇಲ್ಲ. ಮೇಲ್ವಿಚಾರಕಿ ಒಮ್ಮೆ ಧೈರ್ಯ ಮಾಡಿ, "ಯಜಮಾನ್ರೇ, ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ? ರ‍್ಯಾಕ್ ಇಡ್ಬೇಕಿತ್ತು" ಎಂದಳೆನ್ನಿ. "ಅಲ್ಲಿ ಫ್ಯಾನಿನ ಗಾಳಿ ಬರಲ್ಲ ಕಣಮ್ಮ" ಎಂದು ಪೇಪರಿನ ಹಿಂದಿನಿಂದ ಉತ್ತರ ಬರುತ್ತದೆ. ಅಲ್ಲಿಗೆ ನಕ್ಷೆ ಅಂತಿಮವಾಯಿತು. ದೊಡ್ಡ ವಾಸ್ತುಶಿಲ್ಪಿಗಳು ಸೂರ್ಯನ ಚಲನೆ ನೋಡಿ ಕಟ್ಟಡ ಕೂರಿಸುವರಂತೆ. ಇಲ್ಲಿ ಬ್ರಹ್ಮಸ್ಥಾನವನ್ನು ಸೀಲಿಂಗ್ ಫ್ಯಾನು ನಿರ್ಧರಿಸುತ್ತದೆ, ಅದರ ರೆಕ್ಕೆಯ ಮೇಲೆ ದಾನಿಗಳ ಹೆಸರು ತಿರುಗುತ್ತಿರುತ್ತದೆ.

ಪರೀಕ್ಷೆಯವರು ಎಫ್‌ಡಿಎ, ಪಿಡಿಒ, ಪಿಎಸ್‌ಐ ಮೊದಲಾದ ಮೋಕ್ಷಗಳಿಗೆ ತಪಸ್ಸು ಕೂತವರು. ಬೆಳಗ್ಗೆ ಬಂದರೆ ಬೀಗ ಹಾಕುವವರೆಗೆ ಏಳರು. ಪುಸ್ತಕ ಅವರದೇ, ನೀರಿನ ಬಾಟಲಿ ಅವರದೇ. ಗ್ರಂಥಾಲಯದಿಂದ ಬೇಕಾದದ್ದು ಕುರ್ಚಿ, ನಿಶ್ಶಬ್ದ, ಫೋನಿಗೊಂದು ಪ್ಲಗ್ ಪಾಯಿಂಟ್. ನಾಲ್ಕು ಸಾವಿರ ಪುಸ್ತಕಗಳ ನಡುವೆ ಕೂತು ತಾವು ತಂದ ಒಂದನ್ನೇ ಓದುತ್ತಾರೆ. ಇವರನ್ನು ಹಳಿಯುವುದು ಸುಲಭ, ಸರಿಯಲ್ಲ. ಎರಡು ಕೋಣೆಯ ಮನೆಯಲ್ಲಿ ಆರು ಜನ, ಒಂದು ಟಿವಿ ಇರುವಾಗ ಈ ಕುರ್ಚಿ ಬಿಟ್ಟರೆ ಊರಿನಲ್ಲಿ ಓದುವ ಜಾಗ ಬೇರೆಲ್ಲಿದೆ? ಆದ್ದರಿಂದ ರಂಗನಾಥನ್ನರ ಎರಡನೆಯ ಸೂತ್ರಕ್ಕೆ ನಮ್ಮ ವಾರ್ತಿಕ: ಓದುಗನಿಗೆ ಅವನ ಪುಸ್ತಕವಿರಲಿ, ಮೊದಲು ಕುರ್ಚಿ ಕೊಡಿ.

ಜ್ಯೋತಿಷ್ಪ್ರಕರಣ ಚಿಕ್ಕದು. ಟ್ಯೂಬ್‌ಲೈಟ್ ಮೊದಲು ಬರುತ್ತದೆ, ರ‍್ಯಾಕು ಆಮೇಲೆ. ಹೀಗಾಗಿ ಟ್ಯೂಬು ರ‍್ಯಾಕಿನ ನೆತ್ತಿಯ ಮೇಲೆ ಕೂತು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನೂ ಧೂಳನ್ನೂ ಬೆಳಗುತ್ತದೆ. ಓಣಿಯಲ್ಲಿ ನಿಂತವನು ಮೊಬೈಲಿನ ಟಾರ್ಚಿನಲ್ಲಿ ಪುಸ್ತಕದ ಬೆನ್ನು ಓದುತ್ತಾನೆ. ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ: ರ‍್ಯಾಕುಗಳನ್ನು ಕಿಟಕಿಗೆ ಅಡ್ಡಲಾಗಿಡದೆ ಅವುಗಳ ತುದಿ ಕಿಟಕಿಯ ಕಡೆ ಬರುವಂತೆ ತಿರುಗಿಸುವುದು, ಓಣಿ ಮೂರಡಿಗೆ ಕಡಿಮೆಯಾಗದಂತೆ ನೋಡುವುದು, ಸೂರಿಗೆ ಬಿಳಿ ಬಳಿಸುವುದು, ಟ್ಯೂಬನ್ನು ಓಣಿಯ ಉದ್ದಕ್ಕೆ ಸರಿಸುವುದು. ಮಲೆನಾಡಾದರೆ ಮಳೆ ಹೊಡೆಯುವ ಗೋಡೆಯಿಂದ ರ‍್ಯಾಕು ನಾಲ್ಕು ಬೆರಳು ದೂರವಿರಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಮೇಲಿನ ಹಲಗೆಯ ವಿಷಯವನ್ನು ರಂಗನಾಥನ್ನರೇ ಮುಗಿಸಿದ್ದಾರೆ: ಬರಿ ನೆಲದ ಮೇಲೆ ನಿಂತ ಸಾಧಾರಣ ಎತ್ತರದ ಮನುಷ್ಯನ ಕೈಗೆ ಎಟುಕಬೇಕು. ಇದಿಷ್ಟಕ್ಕೆ ಎಲೆಕ್ಟ್ರಿಷಿಯನ್ ಕೂಲಿ, ಎರಡು ಡಬ್ಬ ಬಣ್ಣ, ಎತ್ತಿ ಸರಿಸುವ ನಾಲ್ಕು ಜನ ಸಾಕು. ಬಿಲ್ಲು ಇಷ್ಟು ಚಿಕ್ಕದಾದರೆ ಕೆಲಸ ನಡೆದಿದೆಯೆಂದು ಯಾರೂ ನಂಬುವುದಿಲ್ಲ ಎಂಬುದೊಂದೇ ಈ ಕ್ರಮದ ನ್ಯೂನತೆ.

ತ್ಯಾಜ್ಯ ಪ್ರಕರಣ

ಇದು ಶಾಸ್ತ್ರದ ಹೃದಯ. ನಾಲ್ಕು ಸಾವಿರದಲ್ಲಿ ಐನೂರು ಪುಸ್ತಕ ತೆಗೆದುಹಾಕಿದರೆ ಮೂರು ರ‍್ಯಾಕು, ಅಂದರೆ ಒಂಬತ್ತು ಅಡಿ ಗೋಡೆ, ಬಿಡಿಗಾಸು ಖರ್ಚಿಲ್ಲದೆ ಕೈಗೆ ಬರುತ್ತದೆ. ಯಾವ ಐನೂರು? ಸಿಲೆಬಸ್ ಬದಲಾಗಿ ಯುಗ ಕಳೆದ ಎಸ್ಸೆಸ್ಸೆಲ್ಸಿ ಗೈಡು, ಡಾಸ್ ಕಲಿಸುವ ಕಂಪ್ಯೂಟರ್ ಕೈಪಿಡಿ, ಮೊದಲ ನೂರು ಪುಟ ಇಲಿಗೂ ಕೊನೆಯ ನೂರು ಪುಟ ಓದುಗರಿಗೂ ಸಂದ ಪತ್ತೇದಾರಿ ಕಾದಂಬರಿ, ಸಗಟು ಖರೀದಿಯಲ್ಲಿ ಬಂದು ಬೆನ್ನು ಬಾಗದ, ಕವಿಯ ಹೊರತು ಯಾರೂ ಬಿಡಿಸಿ ನೋಡದ ಕವನ ಸಂಕಲನಗಳ ಅವಳಿ ತ್ರಿವಳಿ ಪ್ರತಿಗಳು. ಕವಿ ಆಗಾಗ ಬಂದು ತನ್ನ ಪುಸ್ತಕ ಇದೆಯೇ ಎಂದು ನೋಡಿ ಹೋಗುವ ಅಪಾಯವಿರುವುದರಿಂದ ಒಂದು ಪ್ರತಿ ಉಳಿಸಿಕೊಳ್ಳುವುದು ಕ್ಷೇಮ.

ಆದರೆ ತೆಗೆಯುವವರು ಯಾರು? ದಾಖಲಾತಿ ರಿಜಿಸ್ಟರಿನಲ್ಲಿ ನಂಬರು ಬಿದ್ದ ಪುಸ್ತಕ ಅಜರಾಮರ. ಅದನ್ನು ರದ್ದಿಗೆ ಹಾಕಲು ಪಟ್ಟಿ, ಸಮಿತಿ, ಮೇಲಿನವರ ಮಂಜೂರಾತಿ ಎಲ್ಲ ಬೇಕು, ಆಮೇಲೂ ಆಡಿಟ್ಟಿನವರ ಕೆಂಪು ಶಾಯಿಯ ಭಯ. ಮೇಲ್ವಿಚಾರಕಿ ಸರಳ ದಾರಿ ಹಿಡಿಯುತ್ತಾಳೆ: ಹೊಸ ಪುಸ್ತಕದ ಬಂಡಲನ್ನು ಬಿಚ್ಚದೆ ಮೂಲೆಯಲ್ಲಿಟ್ಟು, ಹಳತನ್ನು ರ‍್ಯಾಕಿನಲ್ಲಿ ಕಾಪಾಡುತ್ತಾಳೆ.

ಇಲ್ಲಿ ಒಂದು ಪ್ರಮಾಣ ವಾಕ್ಯವುಂಟು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017: ವರ್ಷವೊಂದರಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದುಹೋದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲವಾದರೆ, ಅದು ಸಹಜ ನಷ್ಟ. ನಮ್ಮ ಹೋಬಳಿಗೆ ಇದು ನೇರವಾಗಿ ಅನ್ವಯಿಸದು ನಿಜ, ಆದರೆ ಪ್ರಮಾಣವನ್ನು ದೂರದಿಂದ ತರಿಸುವುದು ಪಂಡಿತರ ವಾಡಿಕೆ. ಇದರ ಫಲಿತಾರ್ಥ ನೋಡಿ. ಎಸೆಯುವುದು ಕಷ್ಟ, ಕಳೆಯುವುದು ಸಹಜ. ಆದ್ದರಿಂದ ಐನೂರು ಪುಸ್ತಕದಷ್ಟು ಜಾಗ ನ್ಯಾಯವಾಗಿ ಸಿಗಬೇಕಾದರೆ ಒಂದು ಲಕ್ಷ ಸಲ ಪುಸ್ತಕ ಓಡಾಡಬೇಕು. ದಿನಕ್ಕೆ 20ರಂತೆ, ವರ್ಷಕ್ಕೆ 300 ದಿನ ಎಂದರೆ ಹತ್ತಿರ ಹತ್ತಿರ 17 ವರ್ಷ. ಕಾಯಬಹುದು. ತೊಡಕೇನೆಂದರೆ ಪುಸ್ತಕ ಕಳೆಯುವವರಿಗೆ ಅಭಿರುಚಿ ಇರುತ್ತದೆ. 17 ವರ್ಷದ ಕೊನೆಗೆ ಒಳ್ಳೆಯದೆಲ್ಲ ಸಹಜವಾಗಿ ನಷ್ಟವಾಗಿ, ರ‍್ಯಾಕಿನಲ್ಲಿ ಡಾಸ್ ಕೈಪಿಡಿ ಉಳಿದಿರುತ್ತದೆ.

ಭಾರ ಪ್ರಕರಣ

ಕೆಳಗೆ ಜಾಗವಿಲ್ಲದಿದ್ದರೆ ಮೇಲೆ ಹೋಗೋಣ ಎನ್ನುವವರಿಗೆ ಇಲ್ಲಿ ಉತ್ತರ. ನೆಲ ಹೊರಬೇಕಾದ ಭಾರವನ್ನು ಭಾರತೀಯ ಮಾನಕ 875 ಹೇಳುತ್ತದೆ: ವಾಸದ ಮನೆಯ ಕೋಣೆಗೆ ಚದರ ಮೀಟರಿಗೆ ಹೆಚ್ಚುಕಡಿಮೆ 200 ಕೆಜಿ, ಪುಸ್ತಕ ಪೇರಿಸುವ ಕೋಣೆಗೆ 600. ಮನೆಗೆಂದು ಕಟ್ಟಿದ ಮಹಡಿಯ ಮೇಲೆ ಕಾದಂಬರಿ ವಿಭಾಗ ಇಟ್ಟರೆ ಕೆಳಗಿನ ಡೇರಿಯವರಿಗೆ ಸಾಹಿತ್ಯದ ತೂಕ ಗೊತ್ತಾಗುವ ಸಂಭವವಿದೆ. ಆದ್ದರಿಂದ ಪುಸ್ತಕ ಕೆಳಗೆ, ಜನ ಮೇಲೆ ಎಂಬುದು ಇಂಜಿನಿಯರ್ ಮತ. ಪೇಪರಿನ ಹಿರಿಯರು ಮೆಟ್ಟಿಲು ಹತ್ತುವುದಿಲ್ಲ. ಹೀಗಾಗಿ ಜನ ಕೆಳಗೆ, ಪುಸ್ತಕ ಮೇಲೆ ಎಂಬುದು ರೂಢಿ. ರೂಢಿಯು ಶಾಸ್ತ್ರಕ್ಕಿಂತ ಬಲ, ಸೂರು ತಡೆಯುವವರೆಗೆ.

ಉದ್ಘಾಟನಾ ಶಿಲಾಫಲಕದ ಬಗ್ಗೆ ಪ್ರತ್ಯೇಕ ಪ್ರಕರಣ ಬರೆಯುವ ವಿಚಾರವಿತ್ತು. ಮೂರಡಿ ಉದ್ದದ ಆ ಕರಿಕಲ್ಲು ಒಂದು ರ‍್ಯಾಕಿಗೆಂದು ಗುರುತು ಹಾಕಿದ ಗೋಡೆಯಲ್ಲೇ ಬಂದು ಕೂರುತ್ತದೆ, ಅದರ ಮುಂದೆ ಏನನ್ನೂ ಇಡುವಂತಿಲ್ಲ. ಅದರಲ್ಲಿ ಕೊರೆಯಬೇಕಾದ ಹೆಸರುಗಳ ಕ್ರಮ ಇನ್ನೂ ತೀರ್ಮಾನವಾಗದ ಕಾರಣ ಪ್ರಕರಣವನ್ನು ಮುಂದೂಡಿದ್ದೇವೆ.

ಫಲಶ್ರುತಿ

ಈ ಮೀಮಾಂಸೆಯನ್ನು ಮಾರ್ಚ್ ಮಾಸದಲ್ಲಿ ಪಾರಾಯಣ ಮಾಡಿದ ಮೇಲ್ವಿಚಾರಕಿಗೆ ಬೀರುವಿನ ಕೀಲಿಕೈ ದೊರೆಯುವುದು, ತಡವಾದ ಗೌರವಧನ ಖಾತೆಗೆ ಬೀಳುವುದು. ಕೇಳಿದ ಅಧಿಕಾರಿಗೆ ಐನೂರು ಪುಸ್ತಕ ರದ್ದು ಮಾಡುವ ಫೈಲಿಗೆ ಸಹಿ ಹಾಕುವ ಧೈರ್ಯ ಬರುವುದು. ಬರೆದ ಕವಿಗೆ ಮೂರರಲ್ಲಿ ಎರಡು ಪ್ರತಿ ಗೌರವಪೂರ್ವಕವಾಗಿ ಮರಳುವುದು. ಪೇಪರಿನವರಿಗೆ ಇಡಿಯ ಪೇಪರು ಒಟ್ಟಿಗೆ ಸಿಗುವುದು. ಪರೀಕ್ಷೆಯವರಿಗೆ ನೌಕರಿಯಾಗುವುದು, ತಕ್ಷಣ ಒಂದು ಕುರ್ಚಿ ತೆರವಾಗುವುದು. ಎರವಲು ಒಯ್ದ ಪುಸ್ತಕವನ್ನು ತಾನಾಗಿ ತಂದುಕೊಡುವವರಿಗೆ ಏನು ಫಲವೆಂಬುದನ್ನು ಶಾಸ್ತ್ರ ಹೇಳಿಲ್ಲ. ಅಂಥ ಪುರುಷನ ಉದಾಹರಣೆ ಈವರೆಗೆ ದೊರೆತಿಲ್ಲವಾಗಿ.