ಹಸುವಿಲ್ಲದ ಮನೆಯ ಹುಲ್ಲು

ಅಮೆರಿಕದಲ್ಲಿ ಮನೆ ಕೊಂಡವನಿಗೆ ಬೀಗದಕೈ ಜತೆಗೆ ಒಂದು ಹುಲ್ಲುಗಾವಲನ್ನೂ ಕೊರಳಿಗೆ ಕಟ್ಟುತ್ತಾರೆ. ಲಾನ್ ಅಂತಾರೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಮನೆಯೊಳಗೆ ಗಂಡ ಹೆಂಡಿರು ತಟ್ಟೆ ಲೋಟ ಎಸೆದಾಡಿದರೂ ಯಾರೂ ಕೇಳುವುದಿಲ್ಲ. ಮುಂದಿನ ಹುಲ್ಲು ಒಂದು ಗೇಣು ಎದ್ದರೆ ಮಾತ್ರ ಬೀದಿಗೆಲ್ಲ ಚಿಂತೆ. ಈ ಹುಲ್ಲು ಕೆಂಟಕಿ ಬ್ಲೂಗ್ರಾಸ್. ಮೂಲ ಯುರೋಪು, ಏಷ್ಯಾ ಕಡೆಯದು. ನಮ್ಮ ಹಾಗೇ ವಲಸೆ ಬಂದದ್ದು, ಆದರೆ ಗ್ರೀನ್ ಕಾರ್ಡಿಗೆ ಕಾಯಬೇಕಾಗಿ ಬರಲಿಲ್ಲ.

ನಮ್ಮಮ್ಮ ಚನ್ನರಾಯಪಟ್ಟಣದಿಂದ ಏಪ್ರಿಲ್‌ನಲ್ಲಿ ಬಂದು ಅಕ್ಟೋಬರ್‌ನಲ್ಲಿ ಹೊರಡುತ್ತಾಳೆ. ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವ ಆರು ತಿಂಗಳು ಮತ್ತು ಇಲ್ಲಿನ ಬೇಸಾಯದ ಕಾಲ, ಎರಡೂ ಒಂದೇ ದರ್ಜಿ ಅಳತೆ ತೆಗೆದು ಹೊಲಿದಂತಿವೆ. ಬಂದ ಮೊದಲ ವಾರವೇ ವಿಚಾರಣೆ ಶುರುವಾಯಿತು.

"ನೀರು ಬಿಡ್ತೀಯ, ಗೊಬ್ಬರ ಹಾಕ್ತೀಯ, ವಾರವಾರ ಕುಯ್ತೀಯ. ಹಸು ಎಲ್ಲೋ?"

ಹಸು ಇಲ್ಲ. ಕುಯ್ದ ಹುಲ್ಲನ್ನು ಎದೆಯೆತ್ತರದ ಕಾಗದದ ಚೀಲಕ್ಕೆ ತುಂಬಿ, ದುಡ್ಡು ಕೊಟ್ಟು ತಂದ ಸ್ಟಿಕರ್ ಅಂಟಿಸಿ, ರಸ್ತೆ ಬದಿಗಿಡಬೇಕು. ಇಲಿನಾಯ್ ರಾಜ್ಯದಲ್ಲಿ 1990ರ ಜುಲೈಯಿಂದ ಹುಲ್ಲು, ತರಗೆಲೆಗಳನ್ನು ಊರ ಕಸದ ಗುಂಡಿಗೆ ಸುರಿಯುವಂತಿಲ್ಲ; ಅದಕ್ಕೆ ಬೇರೆಯೇ ವ್ಯವಸ್ಥೆ. "ಹುಲ್ಲಿನ ಹೊರೆ ಕೊಟ್ಟು ಮೇಲೆ ದುಡ್ಡೂ ನಾವೇ ಕೊಡೋದಾ!" ಅವತ್ತು ರಾತ್ರಿ ಅಮ್ಮ ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದಳು, "ಕೆಲಸ ಏನೋ ಚೆನ್ನಾಗೇ ಇದೆ ಕಣೆ, ಬುದ್ಧಿನೇ ಯಾಕೋ..."

ಮುಂದಿನ ಸರದಿ ಗ್ಯಾರೇಜಿನದು. ಅಲ್ಲಿ ಕಳೆನಾಶಕದ ಚೀಲ ಇತ್ತು, ಚೀಲದ ಹಿಂಬದಿಯಲ್ಲಿ ಸಾಯಿಸಬೇಕಾದ ಗಿಡಗಳ ಬಣ್ಣದ ಚಿತ್ರಗಳು. ಅಮ್ಮ ಕನ್ನಡಕ ಏರಿಸಿ ನೋಡಿದಳು. ಮುಖ ಅರಳಿತು. ಸೊಸೆಯನ್ನು ಕೂಗಿದಳು.

"ಬಾರಮ್ಮ ಇಲ್ಲಿ. ಇದು ಗೋಣಿ ಸೊಪ್ಪು. ಇದು ಚಕ್ಕೋತ. ಇದು ನಮ್ಮ ದಂಟಿನ ಜಾತಿ. ಬೆರಕೆ ಸೊಪ್ಪು ಪೂರ್ತಿ ಇದೆಯಲ್ಲೇ! ಎಷ್ಟಂತೆ ಬೀಜದ ಚೀಲ?"

ಬೀಜ ಅಲ್ಲ ಅತ್ತೆ, ವಿಷ ಅಂತ ನನ್ನವಳು ಹೇಳಿದಾಗ ಅಮ್ಮ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಚೀಲದಲ್ಲಿದ್ದ, 1940ರ ದಶಕದಲ್ಲಿ ಬಳಕೆಗೆ ಬಂದ 2,4-ಡಿ ಅನ್ನುವ ಔಷಧಿ ಅಗಲ ಎಲೆಯ ಗಿಡಗಳನ್ನು ಅಡ್ಡಾದಿಡ್ಡಿ ಬೆಳೆಸಿ ಬೆಳೆಸಿಯೇ ಕೊಲ್ಲುತ್ತದೆ, ಹುಲ್ಲಿನ ತಂಟೆಗೆ ಹೋಗುವುದಿಲ್ಲ. ಅದಕ್ಕೂ ಮುಂಚೆ ಇಲ್ಲಿನವರು ಹುಲ್ಲಿನ ಬೀಜಕ್ಕೆ ಕ್ಲೋವರ್ ಅನ್ನುವ ಅಗಲ ಎಲೆಯ ಗಿಡದ ಬೀಜ ಬೆರೆಸಿಯೇ ಬಿತ್ತುತ್ತಿದ್ದರು. ಕ್ಲೋವರ್ ಬೇರು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಪುಕ್ಕಟೆ ಕೊಡುತ್ತಿತ್ತು. ಹೊಸ ಔಷಧಿಗೆ ಅದೂ ಸತ್ತಿತು. ಹೇಗೂ ಸಾಯುತ್ತದಲ್ಲ, ಕಳೆಗಳ ಪಟ್ಟಿಗೆ ಸೇರಿಸಿಬಿಟ್ಟರು. ಈಗ ಸಾರಜನಕವನ್ನು ಬೇರೆ ಚೀಲದಲ್ಲಿ ಮಾರುತ್ತಾರೆ. ನಮ್ಮ ಸಂತೆಯ ಎಂಥ ಚಾಲಾಕಿ ವ್ಯಾಪಾರಿಗೂ ಇದು ಹೊಳೆದಿರಲಿಲ್ಲ.

ಔಷಧಿ ಹೊಡೆದ ಹುಲ್ಲನ್ನು ತರಕಾರಿ ಮಡಿಯ ಗೊಬ್ಬರಕ್ಕೆ ಹಾಕಬಾರದು. ಆದ್ದರಿಂದ ಹುಲ್ಲೋ ಸೊಪ್ಪೋ ಎರಡರಲ್ಲೊಂದು ಅಂತ ಅಮ್ಮ ತೀರ್ಪು ಕೊಟ್ಟು, ಚೀಲ ಎತ್ತಿ ಮೂಲೆಗಿಟ್ಟು, ಗುದ್ದಲಿ ಹಿಡಿದಳು. ಇಲಿನಾಯ್ ಬಯಲಿನ ಕರಿಮಣ್ಣು ಲೋಕಪ್ರಸಿದ್ಧ. ಆದರೆ ಬಡಾವಣೆ ಮಾಡುವವರು ಆ ಮೇಲ್ಮಣ್ಣನ್ನು ಹೆರೆದು, ಅಡಿಯ ಜೇಡಿಯನ್ನು ಬುಲ್ಡೋಜರಿನಲ್ಲಿ ತುಳಿಸಿ, ಮೇಲೆ ಶಾಸ್ತ್ರಕ್ಕೆ ಒಂದಿಷ್ಟು ಮಣ್ಣು ಉದುರಿಸಿ ಹುಲ್ಲಿನ ಚಾಪೆ ಹಾಸುತ್ತಾರೆ. ಗುದ್ದಲಿ ಠಣ್ ಅಂದಿತು. "ಇದ್ರಲ್ಲಿ ಮಡಕೆ ಮಾಡ್ಬೋದು," ಅಂದಳು ಅಮ್ಮ. ತರಕಾರಿ ಸಿಪ್ಪೆ, ಟೀ ಗಸಿ, ತರಗೆಲೆ ಎಲ್ಲ ಅಲ್ಲಿಗೇ ಹೋಗತೊಡಗಿತು. ಇಂಡಿಯನ್ ಅಂಗಡಿಯ ಮೆಂತ್ಯ ಬಿತ್ತಿದ್ದಾಯಿತು, ಧನಿಯಾ ಎರಡು ಹೋಳು ಮಾಡಿ ಉದುರಿಸಿದ್ದಾಯಿತು. ಮೇ ಎರಡನೇ ಭಾನುವಾರ, ಮದರ್ಸ್ ಡೇ ಕಳೆದ ಮೇಲೆ ಬದನೆ, ಮೆಣಸಿನ ಸಸಿ. ಅದಕ್ಕೂ ಮುಂಚೆ ಹೊರಗಿಟ್ಟರೆ ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಹೋಗುತ್ತವೆ.

ಬಿಸಿಲು ಚೆನ್ನಾಗಿ ಬೀಳುವುದು ಮನೆ ಮುಂದೆ. ಅಲ್ಲೂ ಒಂದು ಮಡಿ ಎದ್ದಿತು. ಮನೆ ಮುಂದೆ ತರಕಾರಿ ಕೂಡದು ಅಂತ ಬಡಾವಣೆಯ ಅಸೋಸಿಯೇಷನ್‌ನಿಂದ ಕಾಗದ ಬಂತು. ನನ್ನವಳು ಹುಡುಕಾಡಿ, "ರೀ, ಕಾನೂನೇ ಇದೆ!" ಅಂದಳು. ಮುಂದಿನ ಅಂಗಳದಲ್ಲಿ ತರಕಾರಿ ಬೆಳೆಯುವ ಹಕ್ಕಿಗೆ ಫ್ಲೋರಿಡಾ 2019ರಲ್ಲಿ ಕಾನೂನು ಮಾಡಿತು. ಇಲಿನಾಯ್‌ನದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬರೆದು ಕಳಿಸಿದೆವು. ಆ ಕಾನೂನು ಕೌಂಟಿಗೆ, ನಗರಸಭೆಗೆ. ನಾವು ಎರಡೂ ಅಲ್ಲ ಅಂತ ಉತ್ತರ. ಹೂಬಳ್ಳಿಗೆ ಮಾತ್ರ ಅಡ್ಡಿಯಿಲ್ಲವಂತೆ.

ಹೂಬಳ್ಳಿ ತಾನೆ? ಅಮ್ಮ ಬೇಲಿಯುದ್ದಕ್ಕೂ ಅವರೆಕಾಳು ಊರಿದಳು. ಇಲ್ಲಿನ ನರ್ಸರಿಗಳಲ್ಲಿ ಅವರೆ ಅಂದರೆ ಚಂದದ ಬಳ್ಳಿ ಅಷ್ಟೇ. ವರ್ಜೀನಿಯಾದಲ್ಲಿ ಅಧ್ಯಕ್ಷ ಜೆಫರ್ಸನ್ನರ ಮಾಂಟಿಸೆಲ್ಲೊ ತೋಟದ ಚಪ್ಪರಕ್ಕೂ ಅದನ್ನೇ ಹಬ್ಬಿಸುತ್ತಾರೆ. ಬೇಯಿಸದೆ ತಿಂದರೆ ಒಣಕಾಳು ವಿಷ ಅನ್ನುವ ಎಚ್ಚರಿಕೆ ಬೇರೆ. ಪಕ್ಕದ ಮನೆಯಾಕೆ ಗಾಬರಿಯಿಂದ ಬಂದು ತಿಳಿಸಿಹೋದಳು. ಹಿತಕಿದಬೇಳೆ ಸಾರು ಉಂಡು ಎಂಬತ್ತು ದಾಟಿದ ಅಜ್ಜಿಯರ ಪಟ್ಟಿಯನ್ನು ಅಮ್ಮ ಕನ್ನಡದಲ್ಲೇ ಒಪ್ಪಿಸಿದಳು.

ಬಳ್ಳಿ ಏನೋ ಎಗ್ಗಿಲ್ಲದೆ ಹಬ್ಬಿತು, ಹೂವಿನ ಸುಳಿವಿಲ್ಲ. ನಾಟಿ ಅವರೆ ಹಗಲು ಕಿರಿದಾದ ಮೇಲೆ ಹೂ ಕಟ್ಟುವ ಗಿಡ. ಇಲ್ಲಿ ಜೂನ್ ಹಗಲು 15 ಗಂಟೆಗೂ ಹೆಚ್ಚು. ಯಾವ ಕಾಲದಲ್ಲೂ ಕಾಯಿ ಬಿಡುವ ಹೆಬ್ಬಾಳ ಅವರೆಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ, ಆದರೆ ಆ ಬೀಜ ತರಬೇಕೆಂದರೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅಂತೂ ಹೂ ಬಂದದ್ದು ಸೆಪ್ಟೆಂಬರ್ ಕೊನೆಗೆ. ಕಾಯಿ ಬಲಿಯುವ ಮುಂಚೆ ಅಮ್ಮನ ವಿಮಾನ. "ರಾತ್ರಿ ಹೊತ್ತು ಬಳ್ಳಿಗೆ ಹೊದಿಸೋ, ಚಳಿಗೆ ಸುಟ್ಟೋಗತ್ತೆ," ಅಂತ ಏರ್‌ಪೋರ್ಟಿನ ಬಾಗಿಲಲ್ಲೂ ಹೇಳಿದಳು. ಹಳೇ ಬೆಡ್‌ಶೀಟುಗಳನ್ನು ಬೇಲಿಯುದ್ದಕ್ಕೂ ಹೊದಿಸಿದೆ. ಮೂರನೇ ದಿನಕ್ಕೇ ಅಸೋಸಿಯೇಷನ್ನಿನ ಕಾಗದ: ಬೇಲಿ ಮೇಲೆ ಬಟ್ಟೆ ಒಣಹಾಕುವುದು ನಿಷಿದ್ಧ.

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಅವರೆ ಬಗ್ಗೆ ಏನಾದ್ರೂ ಬರ್ದವ್ರಾ?"

"ಇಲ್ಲ."

"ಸರಿ ಮತ್ತೆ. ಹೂವಿನ ಚಿತ್ರ ಇರೋ ಬೆಡ್‌ಶೀಟ್ ಹೊದಿಸು."