ಹವಾಲ್ದಾರರ ನಾಯಿ

ಬಾದಾಮಿಯ ಇಮ್ಮಡಿ ಪುಲಕೇಶಿ ಪರ್ಷಿಯಾದ ಅರಮನೆಗೆ ಒಂದು ಆನೆ ಕಳಿಸಿದ್ದನಂತೆ. ಕ್ರಿ.ಶ. 625ರ ಸುಮಾರಿನ ಮಾತು. ಜೊತೆಗೊಂದು ಬಿಳಿ ಡೇಗೆ, ಕತ್ತಿ, ಜರತಾರಿ ಉಡುಪು ಹೋಗಿದ್ದವೆಂದು ತಬರಿ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಅವನು ಹೇಳುವ ಹಿಂದ್ ದೇಶದ ರಾಜ ನಮ್ಮ ಪುಲಕೇಶಿಯೇ ಎಂದು ಅನೇಕ ವಿದ್ವಾಂಸರ ಮತ. ಕಳೆದ ಶತಮಾನದಲ್ಲಿ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಒಂದು ಜೊತೆ ಬೇಟೆನಾಯಿಗಳನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟರು. ಆನೆಗೆ ಫಿಟ್ನೆಸ್ ಸರ್ಟಿಫಿಕೇಟ್ ಯಾರು ಕೊಟ್ಟರು, ನಾಯಿಗಳಿಗೆ ಸೂಜಿ ಯಾರು ಚುಚ್ಚಿದರು, ಯಾರೂ ಬರೆದಿಲ್ಲ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಲ್ಲಿ ಪುಲಕೇಶಿಯ ನೂರಾರು ಹಡಗುಗಳ ಸುದ್ದಿ ಇದೆ. ಹಡಗು ಹತ್ತಿದ ಸಿಪಾಯಿಗಳ ಹೆಂಡಿರು ಮಕ್ಕಳ ಸುದ್ದಿ, ಅವರ ಬೆಕ್ಕು ನಾಯಿಗಳ ಸುದ್ದಿ ಇಲ್ಲ. ಸಾಮಾನು ಕಟ್ಟಿದವಳು ಬರೆಸಿದ್ದರೆ ಅದು ಬೇರೆಯೇ ಶಾಸನವಾಗುತ್ತಿತ್ತು.

ನಮ್ಮವರು ಸೈನ್ಯದಲ್ಲಿ ಹವಾಲ್ದಾರರು. ಅವರ ಮನೆ ಹುನಗುಂದ, ನನ್ನ ತವರು ಇಳಕಲ್. ಹವಾಲ್ದಾರನ ಹೆಂಡತಿಗೆ ವಿದೇಶವಾಸ ಎಲ್ಲಿಂದ ಬರಬೇಕು? ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋದರೆ ಅವರೊಬ್ಬರೇ ಹೋಗಬೇಕು. ದೂತಾವಾಸದ ಕುರ್ಚಿ ದೊಡ್ಡ ಸಾಹೇಬರಿಗೆ. ನಮ್ಮಂಥವರಿಗೆ ಕಡಲಾಚೆ ಅಂದರೆ ಅಂಡಮಾನ್. 2001ರಿಂದ ಅಲ್ಲಿ ಮೂರೂ ಪಡೆಗಳ ಜಂಟಿ ಕಮಾಂಡ್ ಇದೆ. ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀವಿಜಯಪುರಂ ಎಂದು ಹೆಸರಿಟ್ಟರೂ ನಮ್ಮ ಅತ್ತೆಯವರಿಗೆ ಅದು ಇನ್ನೂ ಕರಿನೀರು. ನಮ್ಮವರಿಗೆ ಅಲ್ಲಿಗೇ ಪೋಸ್ಟಿಂಗ್ ಆದ ಸುದ್ದಿ ಕೇಳಿದ ಕೂಡಲೇ ಪಡಸಾಲೆಯಲ್ಲಿ ಕುಸಿದು ಕೂತರು. "ನನ್ನ ಮಗಾ ಅಂಥಾದ್ ಏನ್ ತಪ್ಪ ಮಾಡ್ಯಾನವ್ವಾ, ಕರಿನೀರಿಗೆ ಕಳಸಾಕತ್ತಾರ?" ಆಮೇಲೆ ಅಂಗಳದ ಕಡೆ ನೋಡಿ, "ಬಾದ್ಶಾ ಏನ್ ಮಾಡ್ಯಾನ?" ಎಂದರು.

ಬಾದ್ಶಾ ಮುಧೋಳ ನಾಯಿ. ನಡು ಇದೆಯೋ ಇಲ್ಲವೋ ಎಂಬಷ್ಟು ಸಣ್ಣ, ಕಾಲು ಮಾತ್ರ ಮುಗಿಯುವುದೇ ಇಲ್ಲ, ಮುಖದಲ್ಲಿ ಸದಾ ಸಂಸ್ಥಾನ ಕಳೆದುಕೊಂಡ ಜಹಗೀರದಾರರ ಬೇಸರ. ಕುಲಕ್ಕೇನೂ ಕಡಿಮೆ ಇಲ್ಲ. 2005ರಲ್ಲಿ ಅವನ ಕುಲದ ಚಿತ್ರ ಅಂಚೆಚೀಟಿಯಲ್ಲಿ ಬಂತು. 2016ರಲ್ಲಿ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ನ ಸೇನಾ ತರಬೇತಿಗೆ ಹೋದವು. ಅಲ್ಲಿಯೇ ನೋಡಿ ಅನ್ಯಾಯ. ಅವನೂ ಸೈನ್ಯಕ್ಕೆ ಸೇರಿದ್ದರೆ ಸರ್ಕಾರವೇ ಹೊತ್ತೊಯ್ಯುತ್ತಿತ್ತು, ನೀರು ಕುಡಿಸಲು ಜೊತೆಗೊಬ್ಬ ಜವಾನ ಇರುತ್ತಿದ್ದ. ಇವನೋ ಮನೆಯಲ್ಲಿ ಬಿದ್ದುಕೊಂಡವ. ಹೆಂಡತಿ, ಮಕ್ಕಳಿಗೆ ಡಿಪೆಂಡೆಂಟ್ ಕಾರ್ಡ್ ಉಂಟು. ಮೂರು ಹೊತ್ತೂ ಕೂತು ತಿನ್ನುವ ನಿಜವಾದ ಡಿಪೆಂಡೆಂಟಿಗೆ ಇಲ್ಲ.

ಅಂಡಮಾನಿನಲ್ಲಿ ರೇಬಿಸ್ ಇಲ್ಲ. ಆದ್ದರಿಂದ ಹುಚ್ಚುನಾಯಿ ಸೂಜಿಯ ದಾಖಲೆ, ಆರೋಗ್ಯದ ಸರ್ಟಿಫಿಕೇಟ್ ಎಲ್ಲ ಸರಿಯಾಗಿಯೇ ಇರಬೇಕು. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರಯಾಣದ ಸರ್ಟಿಫಿಕೇಟ್ ಹಾಲಿನ ಹಾಗೆ, ತಾಜಾ ಇದ್ದರಷ್ಟೇ ನಡೆಯುತ್ತದೆ. ಪಶುವೈದ್ಯರ ಸಹಿ ಆದಾಗ ಮೂವ್‌ಮೆಂಟ್ ಆರ್ಡರ್ ಇಲ್ಲ; ಆರ್ಡರ್ ಬರುವ ಹೊತ್ತಿಗೆ ಸರ್ಟಿಫಿಕೇಟ್ ಒಡೆದಿರುತ್ತದೆ. ಮತ್ತೆ ನಾಯಿ, ಮತ್ತೆ ಆಟೋ, ಮತ್ತೆ ದವಾಖಾನೆ. "ನಿನ್ನ ಗಂಡನ ನೌಕರಿಗೂ ಇಷ್ಟ್ ಕಾಗದ ಕೊಟ್ಟಿರಲಿಲ್ಲ ಬಿಡವ್ವಾ" ಎಂದರು ಮಾವನವರು. ವೈದ್ಯರು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಇವಂದೇನೂ ಇಲ್ಲ, ಆರಾಮ ಅದಾನ. ನೀವ್ಯಾಕ್ರೀ ಇಷ್ಟ್ ಸೊರಗೀರಿ?" ಎಂದು ನನ್ನನ್ನೇ ಕೇಳಿದರು.

ಪೆಟ್ಟಿಗೆ ಮಾಡಿಸಿದ್ದು ಇಳಕಲ್ಲಿನಲ್ಲಿ. ವಿಮಾನದವರ ನಿಯಮದಂತೆ ನಾಯಿ ಅದರೊಳಗೆ ತಲೆ ತಾಗದ ಹಾಗೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಹೆಗಲೇ 70 ಸೆಂಟಿಮೀಟರ್ ಎತ್ತರ ಇರುವ ಪ್ರಾಣಿ. ಮೇಲೆ ಕತ್ತು ಬೇರೆ. ಅಳತೆ ಕೇಳಿದ ಬಡಿಗೇರಣ್ಣ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ನಿಂತುಬಿಟ್ಟ. "ಅಕ್ಕಾರ, ಮುಳುಗಡಿ ಆದವರಿಗೂ ಇಷ್ಟ್ ಅಚ್ಚುಕಟ್ಟ್ ಜಾಗಾ ಸಿಗಲಿಲ್ಲ ನೋಡ್ರಿ!" ಅವನು ಹಳೇ ಬಾಗಲಕೋಟೆಯವ. ಆಲಮಟ್ಟಿ ಹಿನ್ನೀರಿಗೆ ಊರಿನ ತಗ್ಗು ಭಾಗವೆಲ್ಲ ಹೋಗಿ ಜನ ನವನಗರಕ್ಕೆ ಗಂಟುಮೂಟೆ ಕಟ್ಟಿದ್ದನ್ನು ಕಂಡವ. ಊರನ್ನೇ ಎತ್ತಿಟ್ಟ ಜಿಲ್ಲೆಯವರಿಗೆ ಒಂದು ನಾಯಿ ಎತ್ತಿಡುವುದು ಯಾವ ಲೆಕ್ಕ ಎಂದು ಅವನೇ ನನಗೆ ಧೈರ್ಯ ಹೇಳಿದ. ಫೌಜಿನ ಕರಿ ಟ್ರಂಕಿನ ಮೇಲಿರುವಂತೆ ಪೆಟ್ಟಿಗೆಯ ಮೇಲೂ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆಸಿದೆವು. ಓದಿದವರಿಗೆ ಒಳಗಿರುವವನೇ ಹವಾಲ್ದಾರ ಅನಿಸಬೇಕು.

ಮನೆಯವರ ಮೈವಾಸನೆಯ ಬಟ್ಟೆ ಹಾಸಿದರೆ ನಾಯಿ ಹೆದರುವುದಿಲ್ಲ ಎಂದು ವೈದ್ಯರು ಹೇಳಿದ್ದರು. ನಾನೊಂದು ಹಳೇ ಚಾದರ ತೆಗೆದಿಟ್ಟಿದ್ದೆ. ಅತ್ತೆ ಅದನ್ನು ಆಚೆ ಸರಿಸಿ ತಮ್ಮ ಗೋಮಿ ದಡಿಯ ಇಳಕಲ್ ಸೀರೆ ತಂದು ಹಾಸಿದರು. ಟೋಪ ತೆನಿ ಸೆರಗಿನ ಸೀರೆ! ನನ್ನ ಮದುವೆಯಲ್ಲಿ ಕೇಳಿದಾಗ ಟ್ರಂಕಿನ ಕೀಲಿ ಸಿಕ್ಕಿರಲಿಲ್ಲ.

ಬಾಗಲಕೋಟೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಫಸ್ಟ್ ಎಸಿಯ ಕೋಣೆಯನ್ನು ಪೂರ್ತಿ ಹಿಡಿದರೆ ಮಾತ್ರ ನಾಯಿಯನ್ನು ಜೊತೆಗೆ ಕೂಡಿಸಿಕೊಳ್ಳಬಹುದು. ಇಲ್ಲದಿದ್ದರೆ ಗಾರ್ಡಿನ ಡಬ್ಬಿ. ನಮ್ಮವನಿಗೆ ಗಾರ್ಡಿನ ಡಬ್ಬಿ. ಬಾದಾಮಿ ಬಂತು, ನಮ್ಮವರು ನೀರಿನ ಬಾಟಲಿ ಹಿಡಿದು ಹಿಂದಕ್ಕೆ ಓಡಿದರು. ಗದಗ ಬಂತು, ಓಡಿದರು. ಹುಬ್ಬಳ್ಳಿಯಲ್ಲಿ ಬಿಸ್ಕೀಟು ಹಿಡಿದು ಓಡಿದರು. ಎದುರು ಸೀಟಿನ ಅಜ್ಜ ತಡೆಯಲಾರದೆ ಕೇಳಿದರು: "ತಂಗೀ, ಹಿಂದಿನ ಡಬ್ಬಿಯೊಳಗ ಯಾರದಾರು? ಕೈದಿ ಏನು?" ಅಂಡಮಾನಿಗೆ ಒಯ್ಯಾಕತ್ತೀವಿ ಎಂದೆ. ಅಜ್ಜ ತಮ್ಮ ಗಂಟು ಎತ್ತಿಕೊಂಡು ಮೂರು ಸೀಟು ಆಚೆ ಹೋಗಿ ಕೂತರು.

ಚೆನ್ನೈ, ವಿಮಾನ, ತೂಕದ ಕಾಟಾ, ಮತ್ತಷ್ಟು ದುಡ್ಡು. ಅದನ್ನೆಲ್ಲ ನೆನೆಸಿಕೊಳ್ಳುವ ಮನಸ್ಸಿಲ್ಲ. ಬಾದ್ಶಾ ಮಾತ್ರ ಸುಖವಾಗಿ ಇಳಿದ; ನಮ್ಮ ಮೂವರಲ್ಲಿ ನಿದ್ದೆ ಮಾಡಿದವನು ಅವನೊಬ್ಬನೇ. ಊರಿನ ಸಿಹಿನೀರನ್ನು ಹೊಟ್ಟೆ ತುಂಬ ಕುಡಿದು ಬೆಳೆದವ, ಸಮುದ್ರವನ್ನೂ ಅದೇ ನಂಬಿಕೆಯಿಂದ ನೆಕ್ಕಿದ. ಆಮೇಲೆ ಇಡೀ ದಿನ ನಮ್ಮವರ ಮುಖ ನೋಡಲಿಲ್ಲ, ಉಪ್ಪು ಸುರಿದವರು ಅವರೇ ಎಂಬಂತೆ. ಮೊಲದ ಬೆನ್ನಟ್ಟಲು ಹುಟ್ಟಿದ ಕಾಲುಗಳು ಈಗ ಏಡಿಯ ಹಿಂದೆ ಓಡುತ್ತವೆ. ಏಡಿ ಅಡ್ಡಡ್ಡ ಓಡುತ್ತದೆ, ಇವನು ನೇರ ಓಡಿ ಎಲ್ಲಿಗೋ ಹೋಗಿ ನಿಲ್ಲುತ್ತಾನೆ.

ಈಗ ಉಳಿದಿರುವುದು ಊಟದ ತಕರಾರು. ಇಲ್ಲಿ ಅನ್ನ ಉಂಟು, ಮೀನು ಬೇಕಾದಷ್ಟು ಉಂಟು. ಆದರೆ ಅವನು ಬೆಳೆದದ್ದು ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿಯ ಮೇಲೆ. ಅನ್ನ ಹಾಕಿದರೆ ತಟ್ಟೆಯನ್ನು ಮೂತಿಯಿಂದ ನನ್ನ ಕಡೆ ದೂಡುತ್ತಾನೆ. ನಮ್ಮವರೂ ಹಾಗೇ ಮಾಡುತ್ತಾರೆ, ಕೈಯಿಂದ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಯಾರಾದರೂ ಈ ದ್ವೀಪ ನೋಡಲು ಬರುವವರಿದ್ದರೆ ದಯವಿಟ್ಟು ಐದು ಕಿಲೋ ಬಿಳಿಜೋಳದ ಹಿಟ್ಟು ತನ್ನಿ. ಹಿಟ್ಟಿಗೆ ಫಿಟ್ನೆಸ್ ಸರ್ಟಿಫಿಕೇಟ್ ಬೇಕಾಗಿಲ್ಲ.