ಬೆವರುವ ಪೈಪೂ ನಮ್ಮ ಮಾವನವರೂ

ಮೇ ತಿಂಗಳು ಬಂತೆಂದರೆ ನ್ಯೂಜೆರ್ಸಿಯ ಕನ್ನಡದ ಮನೆಗಳಿಗೆ ಊರಿನಿಂದ ಚಟ್ನಿಪುಡಿ ಬರುತ್ತದೆ, ಜೊತೆಗೆ ನಿವೃತ್ತ ಇಂಜಿನಿಯರ್ ಮಾವ ಬರುತ್ತಾರೆ. ಚಟ್ನಿಪುಡಿ ಜುಲೈ ಹೊತ್ತಿಗೆ ಖಾಲಿ. ಮಾವನವರದು ಆರು ತಿಂಗಳು.

ಇವರನ್ನು ಗುರುತಿಸುವುದು ಸುಲಭ. ವಾಕಿಂಗ್‌ಗೆ ಹೋದವರು ಪಕ್ಕದ ಬೀದಿಯ ಚರಂಡಿಗೆ ಇಳಿಜಾರು ಸಾಲದೆಂಬ ವರದಿಯೊಂದಿಗೆ ಹಿಂದಿರುಗುತ್ತಾರೆ. ಇಲ್ಲಿನ ಗೋಡೆಯನ್ನು ಬೆರಳಲ್ಲಿ ತಟ್ಟಿ, “ರಟ್ಟು” ಎಂದು ನಗುತ್ತಾರೆ. ನಮ್ಮವರು ಲೋಕೋಪಯೋಗಿ ಇಲಾಖೆಯಲ್ಲಿ 35 ವರ್ಷ ಸೇತುವೆ ಕಟ್ಟಿಸಿದವರು. ನಮ್ಮ ಮನೆಯಲ್ಲಿ ಸೇತುವೆ ಇರಲಿಲ್ಲವಾಗಿ ಬೇಸ್‌ಮೆಂಟಿಗೆ ಇಳಿದರು.

ಅಲ್ಲಿ ಸೂರಿನಡಿ ಹಾದುಹೋಗುವ ತಣ್ಣೀರಿನ ತಾಮ್ರದ ಪೈಪು ಜೂನಿನಿಂದ ತೊಟ್ಟಿಕ್ಕುತ್ತಿತ್ತು. ಕೆಳಗಿದ್ದ ನನ್ನ ಪುಸ್ತಕದ ಡಬ್ಬಗಳೆಲ್ಲ ಒದ್ದೆ. ಲೀಕ್ ಎಂದು ಪ್ಲಂಬರನ್ನು ಕರೆಸಿದ್ದೆ. ಆತ ಪೈಪನ್ನು ಬಟ್ಟೆಯಲ್ಲಿ ಒರೆಸಿದ, ಐದು ನಿಮಿಷ ದಿಟ್ಟಿಸಿದ, ಹನಿ ಜಾಯಿಂಟಿನಲ್ಲಿ ಮಾತ್ರವಲ್ಲ, ಉದ್ದಕ್ಕೂ ಮೂಡುತ್ತಿದೆ, ಆದ್ದರಿಂದ ಲೀಕ್ ಇಲ್ಲ ಎಂದ. ಇಲ್ಲ ಅಂದದ್ದಕ್ಕೂ ದುಡ್ಡು ಇಸಕೊಂಡ. (ಎಷ್ಟೆಂದು ಹೆಂಡತಿಗೇ ಹೇಳಿಲ್ಲ.) ಗಾಳಿಯಾಡಲಿ ಎಂದು ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಪೈಪು ಇನ್ನೂ ಜೋರಾಗಿ ಸುರಿಯಿತು.

“ಕಿಟಕಿ ತೆಗೆದವರು ಯಾರು?”

“ನಾನೇ ಮಾವ.”

“ಹೊರಗಿನ ಸೆಕೆಯನ್ನ ಕರೆದು ಮಣೆ ಹಾಕಿದೀರಿ.”

ನನಗೂ ಒಂದಿಷ್ಟು ವಿಜ್ಞಾನ ಗೊತ್ತೆಂದು ತೋರಿಸಬೇಕಲ್ಲ. “ನಮ್ಮೂರ ಹೂಜಿ ಬೆವರಿದ ಹಾಗೆ, ಅಲ್ವಾ?” ಎಂದೆ. ಆ ಒಂದು ಮಾತಿಗೆ ನನ್ನ ಶನಿವಾರ ಪೂರ್ತಿ ಹೋಯಿತು.

“ಹೂಜಿ ಮೈಯೆಲ್ಲ ಸಣ್ಣ ತೂತು. ಒಳಗಿನ ನೀರೇ ಜಿನುಗುತ್ತೆ. ತಾಮ್ರದಲ್ಲಿ ತೂತು ಎಲ್ಲಿದೆ ತೋರಿಸಿ.” ತೋರಿಸಲಾಗಲಿಲ್ಲ. ಸ್ಟೀಲ್ ಲೋಟ, ಐಸು, ಒಂದು ಚಮಚ ಅರಿಶಿನ ತರಿಸಿದರು. ಅರಿಶಿನದ ನೀರಿಗೆ ಐಸು ಹಾಕಿ ವಾಷಿಂಗ್ ಮಷೀನಿನ ಮೇಲಿಟ್ಟು ಕೂತೆವು. ಲೋಟ ಮೊದಲು ಮಂಜಾಯಿತು, ಆಮೇಲೆ ಸಾಸಿವೆಯಷ್ಟು ಹನಿ, ಆಮೇಲೆ ಒಂದಕ್ಕೊಂದು ಕೂಡಿ ಇಳಿಯತೊಡಗಿದವು. ನನ್ನ ಬಿಳಿ ಕರವಸ್ತ್ರದಲ್ಲೇ ಒರೆಸಿ ಮುಖದ ಮುಂದೆ ಹಿಡಿದರು.

“ಹಳದಿ ಇದೆಯಾ?”

“ಇಲ್ಲ.”

“ಹಾಗಾದ್ರೆ ಈ ನೀರು ಎಲ್ಲಿಂದ ಬಂತು?”

“ಗಾಳಿಯಿಂದ.”

“ಜೋರಾಗಿ ಹೇಳಿ.”

ನಲವತ್ತು ದಾಟಿದ ನಾನು ಜೋರಾಗಿ ಹೇಳಿದೆ. ಮೇಲಿನಿಂದ ಮಗಳು ನಕ್ಕಳು.

ಬಳಿಕ ಲೆಕ್ಕ. 27 ಡಿಗ್ರಿಯ ಗಾಳಿಯಲ್ಲಿ ಶೇ. 70 ತೇವಾಂಶವಿದ್ದರೆ ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ನೆಲದಡಿಯಿಂದ ಬರುವ ನೀರು ಅದಕ್ಕಿಂತ ತಣ್ಣಗೆ. ಅದಕ್ಕೇ ಎಲ್ಲರ ಸ್ನಾನವಾದ ಮೇಲೆ ಪೈಪು ಜಾಸ್ತಿ ಬೆವರುವುದು. ರಾತ್ರಿ ನಿಂತ ನೀರು ಬೆಚ್ಚಗಾಗಿ ಪೈಪು ಒಣಗುವುದು. ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕಿ ತೇವವನ್ನು ಶೇ. 50ರೊಳಗೆ ಇಡಬೇಕು, ಪೈಪಿಗೆ ಗಾಳಿ ತಾಗದಂತೆ ಫೋಮ್ ತೊಡಿಸಬೇಕು.

ಫೋಮ್ ಕೊಳವೆ ತರುವುದರಲ್ಲೂ ಎಡವಿದೆ. ಪೈಪಿನ ಹೊರಮೈ ಅಳೆದರೆ ಮುಕ್ಕಾಲಿಗಿಂತ ಹೆಚ್ಚು ಬಂತೆಂದು ಒಂದಿಂಚಿನದು ತಂದೆ. “ಮುಕ್ಕಾಲು ಇಂಚು ಅನ್ನೋದು ತಾಮ್ರದ ಪೈಪಿನ ಹೆಸರು, ಅಳತೆ ಅಲ್ಲ. ಇದನ್ನ ಹಾಕಿದ್ರೆ ಒಳಗೇ ಗಾಳಿ ಹೋಗಿ, ಕಾಣದ ಹಾಗೆ ಬೆವರುತ್ತೆ.” ವಾಪಸು ಕೊಟ್ಟು ಬಂದೆ. ಮೂಲೆಗಳಲ್ಲಿ ಕೊಳವೆಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸಬೇಕಂತೆ. ಬ್ರೆಡ್ಡು ಕೊಯ್ಯುವ ಚಾಕು ಬೇಸ್‌ಮೆಂಟಿಗೆ ಹೋದದ್ದು ಮರಳಲಿಲ್ಲ. ಒಂದೊಂದು ಮೂಲೆಗೆ ಒಂದೊಂದು ದಿನ, ಪೆನ್ಸಿಲ್ ಕಿವಿಯ ಮೇಲೆ. ಡಿಹ್ಯುಮಿಡಿಫೈಯರಿನ ನೀರು ಅಂಗಳದ ಸೇವಂತಿಗೆಗೆ. ರಾತ್ರಿ ಕರೆಂಟ್ ಬಿಲ್ಲಿನ ಚಿಂತೆ ಹತ್ತಿ ತಾವೇ ಹೋಗಿ ಆರಿಸುತ್ತಿದ್ದರು. ಬೆಳಿಗ್ಗೆ ಪೈಪು ಬೆವರಿದರೆ ನನ್ನನ್ನು ನೋಡುತ್ತಿದ್ದರು.

ಅಕ್ಟೋಬರಿನಲ್ಲಿ ಹೊರಟಾಗ ನೀರಿನ ಮೀಟರಿನ ಪಕ್ಕದ ಒಂದು ಮೂಲೆ ಉಳಿದಿತ್ತು. “ಮುಂದಿನ ಸಲ ಬಂದಾಗ” ಎಂದರು. ಈ ವರ್ಷ ಮಂಡಿನೋವು. ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರರು. ಭಾನುವಾರ ಫೋನಿನಲ್ಲಿ ಮೊಮ್ಮಗಳಿಗಿಂತ ಮೊದಲು ಪೈಪನ್ನು ವಿಚಾರಿಸುತ್ತಾರೆ.

ಅವರು ಗುರುತು ಹಾಕಿ ಕೊಯ್ದಿಟ್ಟ ಎರಡು ತುಂಡು ಕಪಾಟಿನ ಮೇಲಿವೆ. ಹತ್ತು ನಿಮಿಷದ ಕೆಲಸ, ನಾನು ಮಾಡಿಲ್ಲ. ಆ ಮೂಲೆಯ ಕೆಳಗೆ ಅದೇ ಸ್ಟೀಲ್ ಲೋಟ ಇಟ್ಟಿದ್ದೇನೆ. ದಿನಕ್ಕೆ ಅರ್ಧ ತುಂಬುತ್ತದೆ.